ಇಶಾಪುರದ ತ್ರೀ ನಾಟ್ ತ್ರೀ: ಅಮೆರಿಕದಲ್ಲಿ ಕೊಳ್ಳುವ ಮುನ್ನ, ಕೊಂಡ ಮೇಲೆ

ಪೊಲೀಸ್ ಠಾಣೆಯ ಪಹರೆಯವರ ಹೆಗಲಲ್ಲಿ ನಾವೆಲ್ಲ ನೋಡಿರುವ ‘ತ್ರೀ ನಾಟ್ ತ್ರೀ’ಯನ್ನು ಭಾರತದಲ್ಲಿ ಸಾಮಾನ್ಯ ಪರವಾನಗಿಯ ಮೇಲೆ ಇಟ್ಟುಕೊಳ್ಳುವಂತಿಲ್ಲ; .303 ಅಲ್ಲಿ ನಿಷೇಧಿತ ಬೋರ್ (ನಳಿಗೆಯ ಅಳತೆ). ಅದೇ ರೈಫಲ್, ಬಂಗಾಳದ ಇಶಾಪುರ ಕಾರ್ಖಾನೆಯ ಮುದ್ರೆಯ ಸಮೇತ, ಅಮೆರಿಕದ ಬಂದೂಕಿನ ಅಂಗಡಿಗಳ ಹಳೆ ಮಾಲಿನ ಸಾಲಿನಲ್ಲಿ ಸಿಗುತ್ತದೆ. ಅಲ್ಲಿ ನೆಲೆಸಿರುವ ಕನ್ನಡಿಗರು ಹಳೆ ಸೇನಾ ರೈಫಲ್ ಸಂಗ್ರಹ ಶುರು ಮಾಡಬೇಕೆಂದರೆ ಇದರಿಂದಲೇ ಶುರು ಮಾಡಬಹುದು. ಮಾಹಿತಿ ಹೇರಳ, ತೋಟಾ ಇನ್ನೂ ತಯಾರಾಗುತ್ತಿದೆ, ಬಿಚ್ಚಿ ಜೋಡಿಸುವುದು ಕಲಿಯಬಹುದಾದ ಕೆಲಸ. ಆದರೆ ಮೋಸವೂ ಇದರಲ್ಲೇ ಹೆಚ್ಚು. ಮಾರುವವನ ಮಾತಿಗಿಂತ ಉಕ್ಕಿನ ಮೇಲಿನ ಅಕ್ಷರ ಮತ್ತು ನಳಿಗೆಯ ಒಳಗಿನ ಸ್ಥಿತಿಯನ್ನು ನಂಬುವವರಿಗೆ ಮಾತ್ರ ಇದು ಅಗ್ಗದ ಹವ್ಯಾಸ.

ರೈಫಲ್ ನೋಡುವ ಮೊದಲು ವೀಸಾ ನೋಡಿಕೊಳ್ಳಿ

ಎಚ್-1ಬಿ, ಎಲ್-1, ಎಫ್-1, ಎಚ್-4 ಇವೆಲ್ಲ ವಲಸೆಯೇತರ ವೀಸಾಗಳು. ಇವುಗಳ ಮೇಲೆ ಅಮೆರಿಕದಲ್ಲಿರುವವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಹೊಂದುವುದು ಫೆಡರಲ್ ಅಪರಾಧ; ಗರಿಷ್ಠ ಶಿಕ್ಷೆ 15 ವರ್ಷ ಜೈಲು, ಜೊತೆಗೆ ಗಡೀಪಾರಿನ ಭಯ. ಮುಖ್ಯ ವಿನಾಯಿತಿ ಒಂದಿದೆ: ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಪರವಾನಗಿ. ಅವಧಿ ಮುಗಿದ ದಿನವೇ ವಿನಾಯಿತಿಯೂ ಮುಗಿಯಿತು, ರೈಫಲ್ ಮಾತ್ರ ಮನೆಯಲ್ಲೇ ಇರುತ್ತದೆ. ಎಷ್ಟೋ ಜನ ಎಡವುವುದು ಇಲ್ಲೇ. ಗ್ರೀನ್ ಕಾರ್ಡ್ ಇರುವವರಿಗೆ, ಪೌರರಿಗೆ ಈ ತೊಡಕಿಲ್ಲ. ಮನೆಯಲ್ಲಿ ಒಬ್ಬರಿಗೆ ಗ್ರೀನ್ ಕಾರ್ಡ್, ಇನ್ನೊಬ್ಬರಿಗೆ ವೀಸಾ ಎಂದಾದರೆ ಕಪಾಟಿನ ಕೀಲಿ ಯಾರ ಕೈಯಲ್ಲಿದೆ ಎಂಬುದೂ ಪ್ರಶ್ನೆಯಾಗುತ್ತದೆ. ಹಣ ಕೊಡುವ ಮೊದಲು ವಲಸೆ ವಕೀಲರಿಗೆ ಒಂದು ಫೋನ್ ಮಾಡಿ.

ಇನ್ನು ರೈಫಲ್‌ನ ವಯಸ್ಸು. 1898 ಅಥವಾ ಅದಕ್ಕೂ ಮೊದಲು ತಯಾರಾದದ್ದು ಫೆಡರಲ್ ಕಾನೂನಿನ ಕಣ್ಣಿಗೆ ಬಂದೂಕೇ ಅಲ್ಲ, ಪುರಾತನ ವಸ್ತು. ಬ್ರಿಟಿಷ್ ಸೇನೆಯ ಹಳೆ ರೈಫಲ್‌ಗಳಾದ ಮಾರ್ಟಿನಿ-ಹೆನ್ರಿ, ಸ್ನೈಡರ್, ಆರಂಭದ ಲೀ-ಮೆಟ್‌ಫರ್ಡ್‌ಗಳು ಈ ಗುಂಪಿನವು. ಲೆಕ್ಕಕ್ಕೆ ಬರುವುದು ರಿಸೀವರ್, ಅಂದರೆ ನಳಿಗೆಯ ಹಿಂದಿನ ಮುಖ್ಯ ಉಕ್ಕಿನ ಚೌಕಟ್ಟು, ತಯಾರಾದ ವರ್ಷ, ಮಾದರಿ ಜಾರಿಗೆ ಬಂದ ವರ್ಷವಲ್ಲ. ಗಿಡ್ಡ ಲೀ-ಎನ್‌ಫೀಲ್ಡ್, ಅಂದರೆ ನಾವು ಹೇಳುತ್ತಿರುವ ತ್ರೀ ನಾಟ್ ತ್ರೀ, ಹುಟ್ಟಿದ್ದೇ 1900ರ ನಂತರ. ಹಾಗಾಗಿ ಅದು ಪುರಾತನವಲ್ಲ. ಆದರೆ 50 ವರ್ಷ ದಾಟಿದ್ದು ಮೂಲ ರೂಪದಲ್ಲೇ ಇದ್ದರೆ ‘ಕ್ಯೂರಿಯೋ ಆ್ಯಂಡ್ ರೆಲಿಕ್’ ಪಟ್ಟಿಗೆ ಸೇರುತ್ತದೆ. ಮೂಲ ರೂಪ ಎಂಬ ಮಾತನ್ನು ಗಮನಿಸಿ. ಮುಂದಿನ ಮರ ಕತ್ತರಿಸಿ, ದುರ್ಬೀನು ಕೂರಿಸಿ ಬೇಟೆ ರೈಫಲ್ ಮಾಡಿದ್ದರೆ ಆ ಅನುಕೂಲ ಹೋಯಿತು.

ಈ ಪಟ್ಟಿಯ ರೈಫಲ್‌ಗಳನ್ನು ಬೇರೆ ರಾಜ್ಯದಿಂದ ನೇರವಾಗಿ ಮನೆಗೆ ತರಿಸಲು ಸಂಗ್ರಾಹಕರ ಲೈಸೆನ್ಸ್ ಇದೆ, ಟೈಪ್ 03. ಮೂರು ವರ್ಷಕ್ಕೆ 30 ಡಾಲರ್. ಅರ್ಜಿಯ ಒಂದು ಪ್ರತಿ ನಿಮ್ಮ ಊರಿನ ಪೊಲೀಸ್ ಮುಖ್ಯಸ್ಥರಿಗೂ ಹೋಗಬೇಕು. ಒಂದೆರಡು ರೈಫಲ್‌ಗೆ ಮುಗಿಸುವವರಿಗೆ ಇದು ಬೇಕಿಲ್ಲ. ಅಂಗಡಿಯ ಮೂಲಕ ಫಾರಂ 4473 (ಬಂದೂಕು ಕೊಳ್ಳುವವರು ತುಂಬುವ ಫೆಡರಲ್ ಅರ್ಜಿ) ತುಂಬಿ ತೆಗೆದುಕೊಳ್ಳಿ. ಲೈಸೆನ್ಸ್ ಪಡೆದರೆ ದಾಖಲೆ ಪುಸ್ತಕ ಕಡ್ಡಾಯ: ಕೊಂಡದ್ದನ್ನು ಮರು ಕೆಲಸದ ದಿನ ಮುಗಿಯುವುದರೊಳಗೆ, ಕೊಟ್ಟದ್ದನ್ನು ಏಳು ದಿನದೊಳಗೆ ಬರೆಯಬೇಕು. ಲಾಭಕ್ಕಾಗಿ ಕೊಂಡು ಮಾರುವ ವ್ಯಾಪಾರಕ್ಕೆ ಈ ಲೈಸೆನ್ಸ್ ನಡೆಯುವುದಿಲ್ಲ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ನ್ಯೂಜೆರ್ಸಿ, ಇಲಿನಾಯ್‌ಗಳಲ್ಲಿ ರಾಜ್ಯದ ನಿಯಮಗಳು ಇದರ ಮೇಲೆ ಇನ್ನೊಂದು ಪದರ. ಅದನ್ನು ಬೇರೆಯಾಗಿಯೇ ಓದಿಕೊಳ್ಳಬೇಕು.

ಯಾವುದನ್ನು ಹುಡುಕಬೇಕು

ಮೊದಲ ರೈಫಲ್ ಆಗಿ ಎರಡನೇ ಮಹಾಯುದ್ಧ ಕಾಲದ ಇಶಾಪುರದ ನಂ. 1 ಮಾರ್ಕ್ 3 ನಕ್ಷತ್ರ (No. 1 Mk III*, ಗಿಡ್ಡ ಲೀ-ಎನ್‌ಫೀಲ್ಡ್‌ನ ಒಂದು ರೂಪ) ಒಳ್ಳೆಯ ಆಯ್ಕೆ. ನಕ್ಷತ್ರ ಗುರುತೆಂದರೆ ಮೊದಲ ಮಹಾಯುದ್ಧದಲ್ಲಿ ಉತ್ಪಾದನೆ ಬೇಗವಾಗಲೆಂದು ಮ್ಯಾಗಜಿನ್ (ತೋಟಾ ಪೆಟ್ಟಿಗೆ) ಮುಚ್ಚಿ ಒಂದೊಂದೇ ತೋಟಾ ಹಾಕಿಸುವ ‘ಕಟ್-ಆಫ್’ ತಗಡು, ಪಡೆಯವರೆಲ್ಲ ಒಟ್ಟಾಗಿ ದೂರಕ್ಕೆ ಗುಂಡು ಹಾರಿಸಲೆಂದು ಪಕ್ಕದಲ್ಲಿದ್ದ ಸೈಟ್ (ಗುರಿ ನೋಡುವ ಸಾಧನ) ಮೊದಲಾದವನ್ನು ಕೈಬಿಟ್ಟ ರೂಪ. ಬ್ರಿಟನ್ ನಂ. 4 ಎಂಬ ಹೊಸ ಮಾದರಿಗೆ ಹೋದ ಮೇಲೂ ಭಾರತ ಹಳೆಯ ಮಾದರಿಯನ್ನೇ ಮುಂದುವರಿಸಿತು. ಆದ್ದರಿಂದ 1940ರ ದಶಕದ ಇಶಾಪುರ ರೈಫಲ್‌ಗಳು ಸಾಕಷ್ಟಿವೆ, ಬೆಲೆಯೂ ಅದೇ ಕಾಲದ ಇಂಗ್ಲೆಂಡಿನವಕ್ಕಿಂತ ಸಾಮಾನ್ಯವಾಗಿ ಕಡಿಮೆ.

ಇಶಾಪುರ 2ಎ ಮತ್ತು 2ಎ1 ಬೇರೆಯೇ ಕಥೆ. 1962ರ ಚೀನಾ ಯುದ್ಧದ ನಂತರ 7.62 ಎಂಎಂ ನೇಟೋ ತೋಟಾಕ್ಕೆಂದು ಹೊಸದಾಗಿ ತಯಾರಿಸಿದವು ಇವು. ‘ಹಳೆ .303 ಅನ್ನು ಕೊರೆದು ಮಾಡಿದ್ದು’ ಎಂದು ಮಾರುವವರು ಹೇಳುತ್ತಾರೆ; ತಪ್ಪು, ಉತ್ತಮ ಉಕ್ಕಿನಿಂದಲೇ ಕಟ್ಟಿದವು. ಹಿಂದಿನ ಸೈಟ್‌ನ ಅಂಕೆ 2000ದವರೆಗೆ ಇದ್ದರೆ 2ಎ, 800ಕ್ಕೆ ನಿಂತರೆ 2ಎ1. ಚೌಕಾಕಾರದ ಮ್ಯಾಗಜಿನ್‌ನಲ್ಲಿ 12 ತೋಟಾ ಹಿಡಿಯುತ್ತದೆ. ಹತ್ತಕ್ಕಿಂತ ಹೆಚ್ಚಿನ ಮ್ಯಾಗಜಿನ್ ನಿಷೇಧಿಸಿರುವ ರಾಜ್ಯಗಳಲ್ಲಿ ಈ ಎರಡು ತೋಟಾವೇ ಸಮಸ್ಯೆ. 2ಎ1 ಕೊಳ್ಳುವಾಗ 50 ವರ್ಷ ದಾಟಿದೆಯೇ ಎಂದು ಇಸವಿ ನೋಡಿ ಲೆಕ್ಕ ಹಾಕಿ.

ಗುಂಡು ಹಾರಿಸಲು ಅಲ್ಲ, ನೋಡಲು ಮಾತ್ರ ಎಂದಿಟ್ಟುಕೊಳ್ಳಬೇಕಾದ ಮೂರು ಬಗೆ ಇವೆ. ಮೊದಲನೆಯದು ‘ಡಿಪಿ’ ಮುದ್ರೆಯವು, ಕವಾಯತಿಗೆ ಮಾತ್ರ ಎಂದು ತಳ್ಳಿದವು. ಬಣ್ಣದ ಪಟ್ಟಿಯೋ, ತೋಟಾ ಕೂರುವ ಚೇಂಬರ್‌ಗೆ ಕೊರೆದ ತೂತೋ ಇರಬಹುದು, ಬಣ್ಣ ಕೆರೆದು ಮಾರುವವರೂ ಇದ್ದಾರೆ. ಎರಡನೆಯದು ಮುಂಭಾಗದ ಮರಕ್ಕೆ ತಂತಿ ಸುತ್ತಿ ಬೆಸೆದವು. ಗ್ರೆನೇಡ್ ಹಾರಿಸುವಾಗ ಮರ ಸೀಳದಿರಲೆಂದು ಮಾಡಿದ ವ್ಯವಸ್ಥೆ ಅದು. ನೋಡಲು ಚೆಂದ, ಆದರೆ ಆ ರಿಸೀವರ್ ಎಷ್ಟು ಪೆಟ್ಟು ತಿಂದಿದೆಯೆಂದು ಹೊರಗಿನಿಂದ ತಿಳಿಯದು. ಮೂರನೆಯದು .410 ಮಸ್ಕೆಟ್, ಕಾವಲುಗಾರರಿಗೆಂದು ನಳಿಗೆಯೊಳಗಿನ, ಗುಂಡನ್ನು ತಿರುಗಿಸುವ ಸುರುಳಿ ಗೀರುಗಳನ್ನು ಕೊರೆದು ನುಣುಪು ಮಾಡಿ, ಒಂದೊಂದೇ ತೋಟಾ ಹಾಕುವಂತೆ ಬದಲಿಸಿದ್ದು. ಇದರ ಮೂಲ ತೋಟಾ ಕತ್ತು ಕಿರಿದಾಗಿಸದ .303 ಕೇಸಿನಿಂದ (ತೋಟಾದ ಹಿತ್ತಾಳೆ ಕವಚ) ಮಾಡಿದ್ದು, ಅಂಗಡಿಯ .410 ಶಾಟ್‌ಗನ್ ತೋಟಾ ಬೇರೆ. ಚೇಂಬರ್ ಅಳತೆ ಮಾಡಿಸದೆ ಒಂದನ್ನು ಇನ್ನೊಂದರಲ್ಲಿ ತುರುಕಬೇಡಿ.

ಪರೀಕ್ಷೆ

ಜೊತೆಗೆ ಒಯ್ಯಬೇಕಾದ್ದು: ನಳಿಗೆಯೊಳಗೆ ಬೆಳಕು ಬಿಡುವ ಚಿಕ್ಕ ದೀಪ, ಭೂತಗನ್ನಡಿ, ಸ್ವಚ್ಛಗೊಳಿಸುವ ಕೋಲು ಮತ್ತು ನಾಲ್ಕು ಬಟ್ಟೆ ತುಂಡು, .303ರ ಎರಡು ಹೆಡ್‌ಸ್ಪೇಸ್ ಗೇಜ್ (ಚೇಂಬರಿನಲ್ಲಿಟ್ಟು ನೋಡುವ ಉಕ್ಕಿನ ಅಳತೆ ತುಂಡು; ವಿವರ ಮುಂದಿದೆ). ಮುಟ್ಟುವ ಮೊದಲು ಮಾರುವವರ ಅನುಮತಿ ಕೇಳಿ. ಮ್ಯಾಗಜಿನ್ ತೆಗೆಯಿರಿ, ಬೋಲ್ಟ್ (ಚೇಂಬರನ್ನು ಹಿಂದಿನಿಂದ ಮುಚ್ಚುವ, ಹಿಡಿಯಿರುವ ಉಕ್ಕಿನ ದಂಡ) ಎಳೆಯಿರಿ, ಚೇಂಬರ್‌ಗೆ ಕಣ್ಣು ಹಾಕಿ, ಬೆರಳೂ ಹಾಕಿ.

ಈಗ ನಳಿಗೆ. ಎಣ್ಣೆ ಮೆತ್ತಿದ್ದರೆ ಬಟ್ಟೆಯಿಂದ ಒರೆಸಿಯೇ ನೋಡಬೇಕು, ಏಕೆಂದರೆ ಎಣ್ಣೆ ತುಕ್ಕಿನ ಗುಳಿಗಳನ್ನು ಹೊಳಪಿನಲ್ಲಿ ಮುಚ್ಚುತ್ತದೆ. ಅಲ್ಲಲ್ಲಿ ಮಸುಕು, ಸಣ್ಣ ಗುಳಿ ಇದ್ದರೂ ಗೀರುಗಳ ಅಂಚು ಚೂಪಾಗಿದ್ದರೆ ಗುರಿ ಚೆನ್ನಾಗಿಯೇ ಬರುತ್ತದೆ. ಹೊಳೆಯುತ್ತಿದ್ದರೂ ಅಂಚು ಸವೆದದ್ದು ಅದಕ್ಕಿಂತ ಕೆಟ್ಟದ್ದು. ಒಳಗೆ ಒಂದು ಕಡೆ ಕಪ್ಪು ಉಂಗುರದಂಥ ನೆರಳು ಕಂಡರೆ ನಳಿಗೆ ಉಬ್ಬಿದೆ. ಎಂದೋ ಏನೋ ಅಡಚಿದ್ದಾಗ ಗುಂಡು ಹಾರಿದೆ. ಅದನ್ನು ಬಿಟ್ಟು ಬನ್ನಿ. ಕೊನೆಗೆ ಮೂತಿ. ಸೈನಿಕರು ಹಗ್ಗ ಕಟ್ಟಿದ ಬಟ್ಟೆಯನ್ನು ಎಳೆದೇ ನಳಿಗೆ ಒರೆಸುತ್ತಿದ್ದರು. ಹಗ್ಗ ಯಾವಾಗಲೂ ಒಂದೇ ಪಕ್ಕಕ್ಕೆ ಉಜ್ಜಿದ ರೈಫಲ್‌ಗಳಲ್ಲಿ ಮೂತಿಯ ಒಂದು ಮಗ್ಗುಲು ಸವೆದು ವೃತ್ತ ಮೊಟ್ಟೆಯಾಕಾರವಾಗಿರುತ್ತದೆ. ಮಿಕ್ಕ ನಳಿಗೆ ಎಷ್ಟೇ ಚೆನ್ನಾಗಿದ್ದರೂ ಇದರ ಗುಂಡು ಹರಡುತ್ತದೆ.

ಸಂಖ್ಯೆಗಳು: ರಿಸೀವರ್ ಮುಂಭಾಗ, ನಳಿಗೆಯ ಬುಡ, ಬೋಲ್ಟ್ ಹಿಡಿಯ ಹಿಂಭಾಗ, ಮೂತಿಯ ಟೊಪ್ಪಿ, ಹಿಂದಿನ ಸೈಟ್ ಪಟ್ಟಿಯ ಅಡಿ ಇವುಗಳ ಮೇಲೆ ನೋಡಿ. ಇವುಗಳಲ್ಲಿ ನಿಜಕ್ಕೂ ಮುಖ್ಯವಾದದ್ದು ಬೋಲ್ಟ್. ಉಳಿದವು ಹೊಂದದಿದ್ದರೆ ಬೆಲೆ ಇಳಿಯುತ್ತದೆ, ಅಷ್ಟೇ. ಬೋಲ್ಟ್ ಹೊಂದದಿದ್ದರೆ ಅದರ ಹಿಂಭಾಗದ ಎರಡು ಹಿಡಿತಗಳು ರಿಸೀವರಿಗೆ ಸಮನಾಗಿ ಒತ್ತುತ್ತವೆಯೇ ಎಂಬುದು ಖಾತ್ರಿಯಿಲ್ಲ. ಕಾರ್ಖಾನೆಯಲ್ಲಿ ಪ್ರತಿ ಬೋಲ್ಟನ್ನೂ ಅದರದೇ ರಿಸೀವರಿಗೆ ಕೂರಿಸುತ್ತಿದ್ದುದು ಅದಕ್ಕೇ. ಹಳೆ ಅಂಕೆ ಹೊಡೆದುಹಾಕಿ ಹೊಸ ಅಂಕೆ ಬರೆದಿದ್ದರೆ ಕಾರ್ಖಾನೆಯ ದುರಸ್ತಿಯೂ ಇರಬಹುದು, ಯಾರದೋ ಗ್ಯಾರೇಜಿನ ಕೆಲಸವೂ ಇರಬಹುದು. ಅಕ್ಷರದ ಅಳತೆ, ಆಳ ಮಿಕ್ಕ ಕಡೆಯದರಂತೆಯೇ ಇದೆಯೇ ನೋಡಿ. ನಳಿಗೆಯ ಇಸವಿ ರಿಸೀವರಿನದಕ್ಕಿಂತ ಈಚಿನದಾದರೆ ಗಾಬರಿ ಬೇಡ. ಸವೆದ ನಳಿಗೆ ಬದಲಿಸುವುದು ಸೇನೆಯಲ್ಲಿ ಮಾಮೂಲು, ಎಷ್ಟೋ ಸಲ ಅದೇ ಲಾಭ.

ಹೆಡ್‌ಸ್ಪೇಸ್ ಎಂದರೆ ಬೋಲ್ಟ್ ಮುಖಕ್ಕೂ ಚೇಂಬರಿನಲ್ಲಿ ತೋಟಾದ ಅಂಚು ಕೂರುವ ಜಾಗಕ್ಕೂ ನಡುವಿನ ಅಂತರ. .303ರ ಸೇನಾ ಮಿತಿ 0.064 ಇಂಚಿನಿಂದ 0.074 ಇಂಚು. ಗೇಜ್ ಹಾಕಿ ಬೋಲ್ಟನ್ನು ಎರಡೇ ಬೆರಳಿನಿಂದ ಮೆಲ್ಲಗೆ ಇಳಿಸಿ, ಬಲ ಹಾಕಬೇಡಿ. 0.064ಕ್ಕೆ ಮುಚ್ಚಬೇಕು, 0.074ಕ್ಕೆ ಮುಚ್ಚಬಾರದು. ನಂ. 4ರಲ್ಲಿ 0, 1, 2, 3 ಎಂದು ಅಂಕೆಯಿರುವ ಬೋಲ್ಟ್ ಹೆಡ್ ಬದಲಿಸಿ ಇದನ್ನು ಸರಿ ಮಾಡಬಹುದು. ನಂ. 1ರಲ್ಲಿ ಆ ಸೌಲಭ್ಯವಿಲ್ಲ, ಹೆಡ್‌ಗಳನ್ನು ಒಂದೊಂದಾಗಿ ಕೂರಿಸಿ ನೋಡಬೇಕು. ಅಂತರಜಾಲದಲ್ಲಿ ಬಿಡಿ ಬೋಲ್ಟ್ ತರಿಸಿ ತಾವೇ ಹಾಕಿಕೊಳ್ಳುವುದು ಕೈ, ಕಣ್ಣು ಕಳೆದುಕೊಳ್ಳುವ ದಾರಿ.

ಟ್ರಿಗರ್ ಎರಡು ಹಂತದ್ದು. ಖಾಲಿ ರೈಫಲ್‌ನ ಬೋಲ್ಟನ್ನು ಬೇಗ ತಳ್ಳಿ ಮುಚ್ಚಿ. ಕುದುರೆ, ಅಂದರೆ ಬೋಲ್ಟಿನ ಹಿಂತುದಿಯಲ್ಲಿ ಸ್ಪ್ರಿಂಗಿನ ಬಲಕ್ಕೆ ಮುಂದೆ ಬಡಿಯುವ ಭಾಗ, ಏರಿಯೇ ನಿಲ್ಲಬೇಕು. ಸೇಫ್ಟಿ ಹಾಕಿ ಟ್ರಿಗರ್ ಒತ್ತಿ ಬಿಡಿ, ನಂತರ ಸೇಫ್ಟಿ ತೆಗೆಯಿರಿ. ಆಗ ಕುದುರೆ ತಾನಾಗಿ ಬಿದ್ದರೆ ಭಾಗಗಳು ಸವೆದಿವೆ.

ಮರದಲ್ಲಿ ಹಿಡಿಯ ಹಿಂದಿನ ಬಿರುಕು, ಮುಂದಿನ ಮರದ ತುದಿ, ಟ್ರಿಗರ್ ಬಳಿಯ ಎಣ್ಣೆ ಕುಡಿದ ಕಪ್ಪು ಭಾಗ ಇವನ್ನು ಉಗುರಿನಿಂದ ಒತ್ತಿ ನೋಡಿ. ರಿಸೀವರ್ ಒರಗುವ ಜಾಗದ ಮರ ಮೆತ್ತಗಾದರೆ ಪ್ರತಿ ಗುಂಡಿಗೂ ರೈಫಲ್ ಸ್ವಲ್ಪ ಹಿಂದೆ ಸರಿಯುತ್ತದೆ, ಗುರಿ ಅಲೆಯುತ್ತದೆ. ರಿಸೀವರಿನ ಮುಂಭಾಗದ ಕೆಳಗೆ ಮರವನ್ನು ಅಡ್ಡ ಹಾಯುವ ಸ್ಕ್ರೂ ಕಂಡರೆ ಯಾರೋ ತೇಪೆ ಹಾಕಿದ್ದಾರೆ ಎಂದುಕೊಳ್ಳಬೇಡಿ. ಮರ ಸೀಳದಿರಲೆಂದು ಇಶಾಪುರದವರೇ ಹಾಕುತ್ತಿದ್ದ ಬಲವರ್ಧನೆ ಅದು. ಲೋಹಕ್ಕೆ ಬಳಿದ ಕಪ್ಪು ಬಣ್ಣವೂ ಭಾರತೀಯ ರೈಫಲ್‌ಗಳಲ್ಲಿ ಸಾಮಾನ್ಯ. ಕಿತ್ತು ಹೊಳಪು ಕೊಟ್ಟರೆ ಬೆಲೆ ಬೀಳುತ್ತದೆ.

ಮುದ್ರೆ, ಕಥೆ ಮತ್ತು ಖೋಟಾ

ಸ್ಟಾಕ್ ಸೇರುವ ಉಕ್ಕಿನ ಕೊರಳಪಟ್ಟಿಯ ಮೇಲೆ ಕಿರೀಟ, ಜಿ.ಆರ್.ಐ. (ಜಾರ್ಜ್ ದೊರೆಯ ಹೆಸರಿನ) ಅಕ್ಷರ, ಇಶಾಪುರ ಎಂಬ ಹೆಸರು, ಇಸವಿ, ಮಾದರಿ ಇರುತ್ತವೆ. ಸ್ವಾತಂತ್ರ್ಯಾನಂತರದವುಗಳಲ್ಲಿ ಕಿರೀಟದ ಜಾಗಕ್ಕೆ ಅಶೋಕ ಸ್ತಂಭದ ಸಿಂಹಗಳು, ಆರ್.ಎಫ್.ಐ. (ರೈಫಲ್ ಫ್ಯಾಕ್ಟರಿ ಇಶಾಪುರ) ಅಕ್ಷರ. ಪಾಕಿಸ್ತಾನದ ಗಡಿನಾಡಿನ ದರ್ರಾ ಆದಮ್ ಖೇಲ್ ಮತ್ತು ಖೈಬರ್ ಕಡೆಯ ಕುಶಲಿಗಳು ಕೈಯಲ್ಲೇ ಕೊರೆದ ನಕಲುಗಳೂ ಅಫ್ಘಾನಿಸ್ತಾನದಿಂದ ಬಂದಿವೆ. ಅವರು ಅಕ್ಷರ ಓದದೆ ಚಿತ್ರದಂತೆ ನಕಲು ಮಾಡಿದ್ದರಿಂದ ಇಂಗ್ಲಿಷಿನ ‘ಎನ್’ ಅಕ್ಷರ ಉಲ್ಟಾ ಬಿದ್ದಿರುತ್ತದೆ, ಎನ್‌ಫೀಲ್ಡ್‌ನ ಕಾಗುಣಿತ ತಪ್ಪಿರುತ್ತದೆ, ಸಾಲು ಡೊಂಕಾಗಿರುತ್ತದೆ. ಗಿಡ್ಡ ಲೀ-ಎನ್‌ಫೀಲ್ಡ್ ಮೇಲೆ ವಿಕ್ಟೋರಿಯಾ ರಾಣಿಯ ವಿ.ಆರ್. ಮುದ್ರೆ ಇದ್ದರೆ ಅದು ಬಹುಮಟ್ಟಿಗೆ ನಕಲು. ರಾಣಿ ತೀರಿಕೊಂಡದ್ದು 1901ರಲ್ಲಿ, ಈ ರೈಫಲ್ ಬಂದದ್ದು ಆಮೇಲೆ. ಗೋಡೆಗೆ ಇವು ಸೊಗಸು. ಉಕ್ಕಿನ ಗುಣ ಯಾರಿಗೂ ಗೊತ್ತಿಲ್ಲವಾದ್ದರಿಂದ ತೋಟಾ ಮಾತ್ರ ಹಾಕಕೂಡದು. ನೇಪಾಳದ ಹಳೆ ಶಸ್ತ್ರಾಗಾರದಿಂದ 2003ರ ಸುಮಾರಿಗೆ ಅಮೆರಿಕಕ್ಕೆ ಬಂದ ಗಹೇಂದ್ರ ರೈಫಲ್‌ಗಳಿಗೂ ಇದೇ ಮಾತು. ಮಾರ್ಟಿನಿಯಂತೆ ಕಂಡರೂ ಅವು ಮಾರ್ಟಿನಿಯಲ್ಲ.

ಕನ್ನಡಿಗ ಗಿರಾಕಿ ಎಂದು ಗೊತ್ತಾದರೆ ಕಥೆಯೂ ಸಿದ್ಧವಾಗುತ್ತದೆ: ‘ಇದು 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಮೈಸೂರು ಲ್ಯಾನ್ಸರ್ಸ್ ಬಳಿ ಇದ್ದದ್ದು.’ ಸ್ಟಾಕಿನ ಬಲಬದಿಯ ಹಿತ್ತಾಳೆ ಬಿಲ್ಲೆಯ ಮೇಲೆ ಪಡೆಯ ಗುರುತು ಕೊರೆಯುವ ಪದ್ಧತಿ ಇತ್ತು ನಿಜ. ಆದರೆ ಆ ಬಿಲ್ಲೆಯನ್ನು ಹಿಡಿದಿರುವುದು ಒಂದೇ ಸ್ಕ್ರೂ, ಬದಲಿಸಲು ಎರಡು ನಿಮಿಷ ಸಾಕು. ಬಿಲ್ಲೆಯ ಸವೆತ, ಅದರ ಸುತ್ತಲಿನ ಮರದ ಬಣ್ಣ, ರೈಫಲ್‌ನ ಇಸವಿ ಮೂರೂ ಕೂಡಿಬರಬೇಕು. ಕಾಗದಪತ್ರವಿಲ್ಲದ ಕಥೆಗೆ ಒಂದು ಡಾಲರ್ ಹೆಚ್ಚಿಗೆ ಕೊಡಬೇಡಿ.

ಹಾಗೆಯೇ ಆಮದುದಾರರ ಚಿಕ್ಕ ಮುದ್ರೆ ಇದೆಯೆಂದು ಬೇಸರಪಡಬೇಕಾಗಿಲ್ಲ. ಕಾನೂನಿನ ಪ್ರಕಾರ ಹೊಡೆಯಲೇಬೇಕಾದದ್ದು ಅದು. ಇಲ್ಲದವು ಹೆಚ್ಚಾಗಿ 1968ಕ್ಕಿಂತ ಮೊದಲೇ ಬಂದವು, ಅವಕ್ಕೆ ಬೆಲೆ ಸ್ವಲ್ಪ ಜಾಸ್ತಿ. ಮೊದಲ ರೈಫಲ್‌ಗೆ ಆ ಹೆಚ್ಚುವರಿ ಹಣ ಕೊಡುವುದಕ್ಕಿಂತ ಗೇಜ್ ಕೊಳ್ಳುವುದು ಜಾಣತನ.

ಮನೆಗೆ ತಂದ ಮೇಲೆ

ಬಿಚ್ಚುವಾಗ ನೆನಪಿಡಬೇಕಾದ ನಿಯಮವೊಂದಿದೆ: ಮುಂದಿನ ಮರ ತೆಗೆಯದೆ ಹಿಂದಿನ ಸ್ಟಾಕ್ ತೆಗೆಯಬಾರದು. ಸ್ಟಾಕನ್ನು ಹಿಡಿದಿರುವ ಉದ್ದ ಬೋಲ್ಟಿನ ಚೌಕ ತುದಿ ಮುಂದೆ ಚಾಚಿ, ಮುಂದಿನ ಮರದೊಳಗಿನ ತಗಡಿನ ಕಂಡಿಯಲ್ಲಿ ಕೂತಿರುತ್ತದೆ. ಸ್ಟಾಕ್ ಅಲ್ಲಾಡುತ್ತದೆಂದು ಉದ್ದ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದಿರೋ, ಆ ಚೌಕ ತುದಿ ಮರವನ್ನು ಒಳಗಿನಿಂದ ಸೀಳುತ್ತದೆ. ಹಿಂಭಾಗ ಒಡೆದ ಮುಂದಿನ ಮರಗಳ ಹಿಂದೆ ಬಹುಪಾಲು ಇದೇ ಕಾರಣ.

ಕ್ರಮ ಹೀಗೆ: ಬೋಲ್ಟ್, ಮ್ಯಾಗಜಿನ್, ಮೂತಿಯ ಟೊಪ್ಪಿಯ ಸ್ಕ್ರೂಗಳು, ಟೊಪ್ಪಿ, ನಡುವಿನ ಪಟ್ಟಿ, ನಳಿಗೆಯ ಮೇಲಿನ ಮರ, ಒಳಪಟ್ಟಿಯ ಸ್ಕ್ರೂ, ಟ್ರಿಗರ್ ಗಾರ್ಡ್, ಕೊನೆಗೆ ಮುಂದಿನ ಮರ. ಒಳಪಟ್ಟಿಯ ಸ್ಕ್ರೂ ಕೆಳಗೆ ಪುಟ್ಟ ಸ್ಪ್ರಿಂಗ್ ಇದೆ, ಟ್ರಿಗರ್ ಗಾರ್ಡಿನ ಮುಂದಿನ ಸ್ಕ್ರೂಗೆ ಲೋಹದ ಬಳೆ ಇದೆ. ಎರಡೂ ಉರುಳಿ ಕಳೆದುಹೋಗುವಂಥವು, ಕೆಳಗೆ ಬಿಳಿ ಬಟ್ಟೆ ಹಾಸಿಕೊಳ್ಳಿ. ಆ ಬಳೆ ಇಲ್ಲದೆ ಸ್ಕ್ರೂ ಬಿಗಿದರೆ ಮರ ನಜ್ಜುಗುಜ್ಜಾಗಿ ಟ್ರಿಗರ್‌ನ ಎಳೆತವೇ ಬದಲಾಗುತ್ತದೆ. ಹಿಂದಿನ ಮೇಲ್ಮರ ನಳಿಗೆಗೆ ಸ್ಪ್ರಿಂಗ್ ಕಿವಿಗಳಿಂದ ಕಚ್ಚಿಕೊಂಡಿರುತ್ತದೆ. ಒಂದೇ ತುದಿಯಿಂದ ಮೀಟಿದರೆ ಕಿವಿಯ ಬಳಿ ಮುರಿಯುತ್ತದೆ, ಎರಡೂ ಕಡೆ ಸಮನಾಗಿ ಎತ್ತಬೇಕು.

ಉಗ್ರಾಣದ ಗ್ರೀಸ್ ಮೆತ್ತಿದ್ದರೆ ಲೋಹಕ್ಕೆ ಮಿನರಲ್ ಸ್ಪಿರಿಟ್, ಮರಕ್ಕೆ ಬಿಸಿಲು. ಮರವನ್ನು ಹೀರುವ ಕಾಗದದಲ್ಲಿ ಸುತ್ತಿ ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಬಿಸಿಲಿಗಿಟ್ಟರೆ ಗ್ರೀಸ್ ಕರಗಿ ಬರುತ್ತದೆ. ಕಾಗದ ಬದಲಿಸುತ್ತ ಕೆಲವು ಸಲ ಮಾಡಿ. ಮರಳು ಕಾಗದ ಮುಟ್ಟಬೇಡಿ, ಮರದ ಮೇಲಿನ ತಪಾಸಣೆ ಮುದ್ರೆಗಳು ಒಮ್ಮೆ ಅಳಿಸಿದರೆ ಹೋಯಿತು. ಒಣಗಿದ ಮೇಲೆ ಹಸಿ ಅಗಸೆ ಎಣ್ಣೆಯನ್ನು ಕೈಯಲ್ಲೇ ತೆಳ್ಳಗೆ ಉಜ್ಜಿ. ಎಣ್ಣೆ ಬಟ್ಟೆಯನ್ನು ಮುದುಡಿ ಮೂಲೆಗೆಸೆಯಬಾರದು. ಅಗಸೆ ಎಣ್ಣೆ ಒಣಗುವಾಗ ಬಿಸಿಯೇರಿ ಬಟ್ಟೆ ತಾನೇ ಹೊತ್ತಿಕೊಳ್ಳುತ್ತದೆ. ನೀರಿನಲ್ಲಿ ನೆನೆಸಿ, ಬಿಡಿಸಿ ಹೊರಗೆ ಒಣಹಾಕಿ.

ತೋಟಾ

ಗೇಜ್ ಪರೀಕ್ಷೆ ಪಾಸಾದ ರೈಫಲ್‌ಗೂ ಮೊದಲ ಗುಂಡಿಗೆ ಮೊದಲು ಬಂದೂಕು ರಿಪೇರಿಯವರಿಗೆ ಒಮ್ಮೆ ತೋರಿಸಿ. ಹೊಸ ತೋಟಾವನ್ನೇ ಕೊಳ್ಳಿ. ಪ್ರ್ವಿ ಪಾರ್ಟಿಜಾನ್, ಸೆಲಿಯರ್ ಆ್ಯಂಡ್ ಬೆಲೊ ಎರಡೂ ತಯಾರಿಸುತ್ತವೆ. ಕೆ.ಎಫ್. ಮುದ್ರೆಯ ಹಳೆ ತೋಟಾ ಪುಣೆ ಬಳಿಯ ಖಡ್ಕಿಯದು. ಭಾವನಾತ್ಮಕ ಸೆಳೆತ ಇದ್ದರೂ ಅದರ ಪ್ರೈಮರ್ (ತೋಟಾದ ಬುಡದಲ್ಲಿ ಮೊದಲು ಹೊತ್ತಿಕೊಳ್ಳುವ ಕಿಡಿಮದ್ದು) ತುಕ್ಕು ತರುವಂಥದ್ದು. ಹಳೆ ತೋಟಾ ತಡವಾಗಿ ಹೊತ್ತಿಕೊಳ್ಳುವುದೂ ಉಂಟು. ಕ್ಲಿಕ್ ಎಂದು ಸುಮ್ಮನಾದರೆ ಮೂತಿಯನ್ನು ಗುರಿಯ ಕಡೆಗೇ ಹಿಡಿದು ಒಂದು ನಿಮಿಷ ಕಾಯಿರಿ, ತಕ್ಷಣ ಬೋಲ್ಟ್ ಎಳೆಯಬೇಡಿ.

ಹಳೆ ತೋಟಾ ಹಾರಿಸಿದ್ದೇ ಆದರೆ ಅದೇ ದಿನ ನಳಿಗೆ ತೊಳೆಯಬೇಕು. ಆ ಪ್ರೈಮರ್ ಉರಿದಾಗ ಉಳಿಯುವುದು ಉಪ್ಪು. ಉಪ್ಪು ಎಣ್ಣೆಯಲ್ಲಿ ಕರಗದು, ನೀರಿನಲ್ಲಿ ಕರಗುತ್ತದೆ. ಚೇಂಬರಿಗೆ ಕೊಳವೆಯಿಟ್ಟು ಸುಮಾರು ಒಂದು ಲೀಟರ್ ಕುದಿಯುವ ನೀರು ಸುರಿಯಿರಿ. ಬಿಸಿಗೆ ನಳಿಗೆ ಬೇಗ ಆರುತ್ತದೆ, ಆಮೇಲೆ ಒರೆಸಿ ಎಣ್ಣೆ. ಬೋಲ್ಟ್ ಮುಖವನ್ನೂ ತೊಳೆಯಲು ಮರೆಯಬೇಡಿ.

ಮ್ಯಾಗಜಿನ್ ತುಂಬುವಾಗ ಪ್ರತಿ ತೋಟಾದ ಅಂಚು ಕೆಳಗಿನದರ ಅಂಚಿಗಿಂತ ಮುಂದೆ ಇರಬೇಕು. ಹಿಂದೆ ಬಿದ್ದರೆ ಮೇಲಿನದು ಕೆಳಗಿನದನ್ನು ಕೊಕ್ಕೆಯಂತೆ ಎಳೆದು ಸಿಕ್ಕಿಕೊಳ್ಳುತ್ತದೆ. ‘ಈ ರೈಫಲ್ ಯಾವಾಗಲೂ ಜಾಮ್’ ಎನ್ನುವವರಲ್ಲಿ ಅನೇಕರ ಸಮಸ್ಯೆ ಇದು, ಅಥವಾ ಅಗ್ಗದ ನಕಲಿ ಮ್ಯಾಗಜಿನ್. ಕೇಸುಗಳನ್ನು ಮತ್ತೆ ತುಂಬಿಸುವವರು ಅಂಚಿನ ಸ್ವಲ್ಪ ಮೇಲೆ ಹೊಳೆಯುವ ಗೆರೆ ಬಂದಿದೆಯೇ ನೋಡಲಿ, ಅಲ್ಲೇ ಕೇಸು ತುಂಡಾಗುವುದು. ಸೇನಾ ಚೇಂಬರ್ ಸಡಿಲ, ಬೋಲ್ಟಿನ ಹಿಡಿತ ಹಿಂಭಾಗದಲ್ಲಿದೆ; ಹಾಗಾಗಿ ಹಿತ್ತಾಳೆ ಪ್ರತಿ ಸಲವೂ ಹಿಗ್ಗುತ್ತದೆ. ಕತ್ತನ್ನು ಮಾತ್ರ ಮರುಅಳತೆ ಮಾಡಿದರೆ ಆಯುಸ್ಸು ಹೆಚ್ಚು.

ಇಡುವುದು, ಬರೆದಿಡುವುದು

ಫೋಮ್ ಇರುವ ಪೆಟ್ಟಿಗೆ ಒಯ್ಯಲಿಕ್ಕೆ ಮಾತ್ರ. ತೇವ ಹಿಡಿದು ಒಂದೇ ಬೇಸಿಗೆಯಲ್ಲಿ ತುಕ್ಕು ತರುತ್ತದೆ. ಬೀಗವಿರುವ ಕಪಾಟು, ಶೇಕಡಾ 45ರಿಂದ 50ರಷ್ಟು ತೇವಾಂಶ, ಬೋಲ್ಟ್ ಬೇರೆ ಕಡೆ. ಸಾಧ್ಯವಾದರೆ ಮೂತಿ ಕೆಳಗಾಗಿ ನಿಲ್ಲಿಸಿ. ಮೇಲಾಗಿ ನಿಂತ ರೈಫಲ್‌ನ ಎಣ್ಣೆ ವರ್ಷಗಟ್ಟಲೆ ಇಳಿದು ಹಿಡಿಯ ಮರವನ್ನು ಮೆತ್ತಗೆ ಮಾಡುತ್ತದೆ. ಪ್ರತಿ ರೈಫಲ್‌ಗೂ ಮುದ್ರೆಗಳ ಫೋಟೋ, ಸಂಖ್ಯೆ, ಗೇಜ್ ಫಲಿತಾಂಶ, ಕೊಂಡ ರಸೀದಿ ಒಂದೇ ಕಡೆ ಇರಲಿ. ವಿಮೆಗೂ, ನಿಮ್ಮ ನಂತರ ಮನೆಯವರಿಗೂ ಅದು ಬೇಕಾಗುತ್ತದೆ.

ರಜೆಗೆ ಬೆಂಗಳೂರಿಗೆ ಹೊರಡುವಾಗ ಶೂಟಿಂಗ್ ರೇಂಜಿಗೆ ಒಯ್ಯುವ ಚೀಲವನ್ನು ಪ್ರಯಾಣಕ್ಕೆ ಬಳಸಬೇಡಿ. ಜೇಬಿನ ಮೂಲೆಯಲ್ಲಿ ಉಳಿದ ಒಂದೇ ಜೀವಂತ ತೋಟಾ ಭಾರತದ ವಿಮಾನ ನಿಲ್ದಾಣದಲ್ಲಿ ಸಿಕ್ಕರೂ ಶಸ್ತ್ರಾಸ್ತ್ರ ಕಾಯ್ದೆಯಡಿ ಪ್ರಕರಣ ದಾಖಲಾಗುತ್ತದೆ. ನೆನಪಿಗೆಂದು ಖಾಲಿ ಕೇಸು ಒಯ್ಯುವುದೂ ಬೇಡ.